ಹಾಲಿಗೆ ಹಾಕಿದ ಬೆಂಕಿ ಓಪಲ್

“ಪತ್ತಾರ್ರು ಇಲ್ವೇನಮ್ಮ?” ಎಂದು ಶಿಕಾರಿಪುರದ ನನ್ನ ಅಕ್ಕಸಾಲಿ ಅಂಗಡಿಯ ಹೊರಗೆ ನಿಂತು ಕೇಳುವವರಿಗೆ ನಾನು ತಲೆ ಎತ್ತದೆ “ಅದಾರೆ, ಒಳಗ್ ಬರ್ರಿ” ಎನ್ನುತ್ತೇನೆ. ಬೆಂಚಿನ ಮೇಲೆ ಕೂತು ಅತ್ತಿತ್ತ ನೋಡಿ, ಕುಲುಮೆಯ ಮುಂದೆ ಕೂತಿರುವ ಹೆಂಗಸೇ ಪತ್ತಾರ್ರು ಎಂದು ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಆ ಸ್ವಲ್ಪ ಹೊತ್ತು ನನಗೆ ಬಹಳ ಇಷ್ಟ. ಸೊರಬದ ಕಡೆಯಿಂದ ಬಂದ ಸಿಸ್ಟರ್ ಮಾತ್ರ ನನಗೆ ಆ ಖುಷಿ ಕೊಡಲಿಲ್ಲ. ನೇರ ಒಳಗೆ ಬಂದವರು ನನ್ನ ಬೆರಳ ತುದಿಯ ಸುಟ್ಟ ಕಲೆಗಳನ್ನು ನೋಡಿದರು. “ಕಲ್ಲು ಕಟ್ಟೋರು ನೀವೇ ಅಲ್ದಾ?” ಎಂದವರೇ ಪರ್ಸಿನಿಂದ ಒಂದು ಹಳೆಯ ಉಂಗುರ ತೆಗೆದು ನನ್ನ ಮುಂದಿಟ್ಟರು.

ಅವರು ಕ್ಯಾಸನೂರಿನ ಸುತ್ತಿನ ಹಳ್ಳಿಗಳಲ್ಲಿ ನರ್ಸಾಗಿದ್ದವರು. ಮಂಗನ ಕಾಯಿಲೆಯ ಕಾಲ ಬಂತೆಂದರೆ ಮನೆ ಮನೆ ತಿರುಗಿ, ಸೊಪ್ಪು ಸೌದೆಗೆ ಕಾಡಿಗೆ ಹೋಗುವವರ ಕೈಕಾಲಿಗೆ ಕಾಯಿಲೆ ತರುವ ಉಣುಗು ಹುಳ ಹತ್ತದ ಎಣ್ಣೆ ಹಚ್ಚಿಸಿ, ಹಚ್ಚಿಕೊಳ್ಳದವರಿಗೆ ಬೈದು ಬರುವ ಕೆಲಸ. ಹೊಸದಾಗಿ ನಿವೃತ್ತರಾಗಿದ್ದರು.

“ಕೆಲಸದಾಗೆ ಇರೋ ತನಕ ಬೆರಳಿಗೆ ಏನೂ ಹಾಕೋ ಹಂಗಿರ್ಲಿಲ್ಲ. ಗ್ಲೌಸ್ ಹರೀತಿತ್ತು. ಈಗ ಹಾಕ್ಕಂತೀನಿ. ನಂಗೆ ಬೇಕಾಗಿದ್ದೇ ಹಾಕ್ಕಂತೀನಿ” ಎಂದರು.

ಬೇಕಾಗಿದ್ದು ಫೈರ್ ಓಪಲ್ ಎಂಬ ಕೆಂಪು-ಕಿತ್ತಳೆ ಹರಳು. ನಾನು ಬೆಂಕಿ ಓಪಲ್ ಎನ್ನುತ್ತೇನೆ. ಹಿಂದೊಮ್ಮೆ ಕಾಯಿಲೆಯ ಅಧ್ಯಯನಕ್ಕೆಂದು ಬಂದಿದ್ದ ಒಬ್ಬ ಡಾಕ್ಟರಮ್ಮನ ಕೈಯಲ್ಲಿ ಅದನ್ನು ನೋಡಿದ್ದರಂತೆ. ಜೀಪಿನಲ್ಲಿ ಪಕ್ಕದಲ್ಲಿ ಕೂತಾಗ ಬಿಸಿಲು ಬಿದ್ದು, ಬೂದಿ ಊದಿದ ಕೆಂಡದ ಹಾಗೆ ಕಂಡಿತಂತೆ. ಅಂದಿನಿಂದ ಆ ಆಸೆ. ಯಾರಿಗೂ ಹೇಳಿರಲಿಲ್ಲ.

“ಈ ಹಳೇದನ್ನ ಒಡೀರಿ, ಇದರ ಬಂಗಾರದಾಗೇ ಮಾಡಿ. ಆದ್ರೆ ಎರಡು ಮಾತು. ಕಲ್ಲು ಭೂಮಿಯಿಂದ ಹೆಂಗೆ ಬಂತೋ ಹಂಗೇ ಇರ್ಬೇಕು. ಬಣ್ಣ, ಎಣ್ಣೆ, ಹೊಗೆ ಏನೂ ಕುಡಿಸಿರಬಾರ್ದು. ಅದನ್ನ ಟ್ರೀಟ್‌ಮೆಂಟ್ ಅಂತಾರಂತೆ. ಕಾಯಿಲೆ ಇಲ್ದಿರೋ ಕಲ್ಲಿಗೆ ಟ್ರೀಟ್‌ಮೆಂಟ್ ಯಾಕ್ರೀ? ಇನ್ನೊಂದು, ಕಲ್ಲಿನ ಹಿಂದೆ ಏನೂ ಇಡಬಾರ್ದು.”

ಎರಡನೆಯ ಮಾತಿನ ಅರ್ಥ ಆ ಹಳೆಯ ಉಂಗುರದಲ್ಲೇ ಇತ್ತು. ನಮ್ಮ ಕಡೆಯ ಹಳೆಯ ಉಂಗುರ, ಓಲೆ, ಪದಕಗಳಲ್ಲಿ ಕಲ್ಲಿನ ಬೆನ್ನು ಮುಚ್ಚಿರುತ್ತದೆ. ಹಿಂದೆ ಬಂಗಾರದ ತಗಡು, ತಗಡಿಗೂ ಕಲ್ಲಿಗೂ ನಡುವೆ ಬಣ್ಣದ ತೆಳು ಹಾಳೆ. ಮುಂದಿನಿಂದ ಹೋದ ಬೆಳಕು ಆ ಹಾಳೆಗೆ ತಾಗಿ ಬಣ್ಣ ಹೊತ್ತು ವಾಪಸಾಗುತ್ತದೆ. ಒಳ್ಳೆಯ ಕಲ್ಲಿಗೂ ಹಾಳೆ ಇಡುತ್ತಾರೆ, ಕೆಟ್ಟ ಕಲ್ಲಿಗೂ ಇಡುತ್ತಾರೆ. ಬೆನ್ನು ಮುಚ್ಚಿದ ಮೇಲೆ ಕೇಳುವವರು ಯಾರು? ಸಿಸ್ಟರ ಮದುವೆಯಲ್ಲಿ ಅವರ ಅತ್ತೆ ಬೆರಳಿಗೆ ಹಾಕಿದ ಕೆಂಪು ಕಲ್ಲಿನ ಉಂಗುರ ಅದು. ಒಮ್ಮೆ ಕಲ್ಲು ಸಡಿಲವಾಗಿ ಬೇರೊಬ್ಬ ಪತ್ತಾರರ ಹತ್ತಿರ ಬಿಗಿ ಮಾಡಿಸಲು ಹೋದಾಗ ಒಳಗಿಂದ ಕೆಂಪು ಹಾಳೆ ಉದುರಿತ್ತು. ಉಳಿದದ್ದು ಬಣ್ಣವಿಲ್ಲದ ಬರೀ ಗಾಜು. ಅವರು ಮತ್ತೆ ಹಾಳೆ ಇಡಿಸಿ, ಮುಚ್ಚಿಸಿ, ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟಿದ್ದರು.

“ಅತ್ತೆಗೆ ಇದು ಗಾಜು ಅಂತ ಗೊತ್ತಿಲ್ಲ. ಮಾಣಿಕ್ಯ ಅಂತ್ಲೇ ತಿಳ್ಕಂಡು ಹಾಕಿದ್ದು. ಈ ವಯಸ್ಸಲ್ಲಿ ಅವರಿಗೆ ಗೊತ್ತಾಗೋದು ಬ್ಯಾಡ. ಆದ್ರೆ ನಾನು ಒಂದ್ಸಲ ಗಾಜು ಹಾಕ್ಕಂಡಾತು. ಎರಡನೇ ಸಲ ಹಾಕ್ಕಳಲ್ಲ.”

ಅಲ್ಲಿಗೆ ನನ್ನ ಕೆಲಸ ಏನೆಂದು ಗೊತ್ತಾಯಿತು. ಆದರೂ ಹೇಳಬೇಕಾದ್ದನ್ನು ಹೇಳಿದೆ. ಓಪಲ್ ಮೆತ್ತನೆಯ ಕಲ್ಲು. ಬೆರಳಿನಲ್ಲಿದ್ದರೆ ಬಾವಿಕಟ್ಟೆಗೆ, ಪಾತ್ರೆಗೆ, ಬಾಗಿಲಿಗೆ ತಾಗಿ ಗೀರುತ್ತದೆ, ಕೊರಳಿಗೆ ಪದಕ ಮಾಡಿಸಿಕೊಳ್ಳುವುದು ಮೇಲು ಎಂದೆ. “ಕೊರಳಿಗೆ ಹಾಕ್ಕಂಡ್ರೆ ಊರೋರು ನೋಡ್ತಾರೆ. ಬೆರಳಿಗೆ ಹಾಕ್ಕಂಡ್ರೆ ನಾನು ನೋಡ್ತೀನಿ” ಎಂದರು. ನಾನು ಅವರ ಬೆರಳಿನ ಅಳತೆ ತೆಗೆದುಕೊಂಡೆ.

ನನಗೆ ಹರಳು ತಂದುಕೊಡುವ ವ್ಯಾಪಾರಿಯೊಬ್ಬರಿದ್ದಾರೆ. ಊರೂರು ತಿರುಗುವವರು. ಮಾತು ಬೆಣ್ಣೆ, ಮಾಲು ಅರ್ಧ ಬೆಣ್ಣೆ ಅರ್ಧ ಸುಣ್ಣ. ಯಾವುದು ಯಾವುದೆಂದು ನೋಡಿಕೊಳ್ಳುವುದು ಕೊಳ್ಳುವವರ ಪಾಡು. ಅವರು ತಂದ ಮೊದಲ ಕಲ್ಲು ಕಂಡಾಗ ನನಗೇ ಆಸೆಯಾಯಿತು, ಯಾಕೆ ಸುಳ್ಳು ಹೇಳಲಿ. ಕಡಲೆಯಷ್ಟು ದಪ್ಪ, ಗುಮ್ಮಟದಂತೆ ಉಬ್ಬಿದ ನುಣ್ಣನೆಯ ಗುಂಬ, ಕಿತ್ತಳೆ ಮೈ, ಅಲುಗಿಸಿದರೆ ಒಳಗೆ ಹಸಿರಿನ ಕಿಡಿಗಳು ಓಡಾಡುತ್ತಿದ್ದವು. ಭೂತಗನ್ನಡಿ ಹಿಡಿದು ನೋಡಿದೆ. ಗಾಜಿನಲ್ಲಿ ಕಾಣುವ ಗುಂಡನೆಯ ಗುಳ್ಳೆಗಳಿರಲಿಲ್ಲ. ಕೈಗೆ ಹಗುರ, ಓಪಲ್ ಹಗುರವೇ. ತುಟಿಗೆ ತಾಗಿಸಿದೆ. ಸ್ವಲ್ಪ ಅಂಟಿದಂತಾಯಿತು. ತುಟಿಗೆ ಅಂಟಿದರೆ ಆ ಕಲ್ಲಿಗೆ ಕಣ್ಣಿಗೆ ಕಾಣದ ರಂಧ್ರಗಳಿವೆ, ಅದು ನೀರು ಕುಡಿಯುವ ಜಾತಿಯದು ಎಂದರ್ಥ. ನೀರು ಕುಡಿದ ಮಾತ್ರಕ್ಕೆ ಅದು ಕಳ್ಳ ಕಲ್ಲಲ್ಲ, ಭೂಮಿಯಿಂದಲೇ ಹಾಗೆ ಬರುವ ಓಪಲ್‌ಗಳಿವೆ. ಆದರೆ ನೀರು ಕುಡಿಯುವುದು ಬಣ್ಣವನ್ನೂ ಕುಡಿಯುತ್ತದೆ.

“ನೀರಲ್ಲಿ ಹಾಕಿ ನೋಡ್ತೀನ್ರಿ” ಎಂದೆ.

“ಅಯ್ಯೋ, ಬ್ಯಾಡ ಅಕ್ಕೋರೆ. ಓಪಲ್ಲಿಗೆ ನೀರು ಆಗಂಗಿಲ್ಲ. ಬೇಕಾದ್ರೆ ನಾಲ್ಕು ದಿನ ಇಟ್ಕಂಡು ನೋಡ್ರಿ, ಆಮ್ಯಾಲೆ ಮಾತಾಡಾಣ” ಎಂದು ಕಲ್ಲು ಬಿಟ್ಟು ಹೊರಟರು.

ಅಷ್ಟರಲ್ಲಿ ಸಿಸ್ಟರ್ ಬಂದರು. ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹೋದರು, ಬಂದರು, ಮತ್ತೆ ಹೋದರು. ನನಗೆ ಇನ್ನೂ ಅನುಮಾನವಿದೆ, ಇದೇ ಎಂದು ಹೇಳಲಾರೆ ಎಂದೆ. “ಇರ್ಲಿ, ಮನೇಲಿಟ್ಟು ಒಗ್ಗತ್ತಾ ನೋಡ್ತೀವಿ” ಎಂದರು. ನಮ್ಮಲ್ಲಿ ಇದೊಂದು ಕ್ರಮ. ಕಟ್ಟಿಸುವ ಮೊದಲು ಹರಳು ಮನೆಗೆ ಹೋಗಬೇಕು, ಒಂದೆರಡು ದಿನ ಇದ್ದು ಬರಬೇಕು. ಆ ದಿನಗಳಲ್ಲಿ ಯಾರಾದರೂ ಜಾರಿ ಬಿದ್ದರೆ, ಹಸು ಒದ್ದರೆ, ಕಲ್ಲು ಒಗ್ಗಲಿಲ್ಲವೆಂದು ವಾಪಸು. ಹಸು ಒದೆಯುವುದಕ್ಕೂ ಹರಳಿಗೂ ಸಂಬಂಧವಿಲ್ಲ ಎಂದು ನಾನು ಅಂಗಡಿಯಲ್ಲಿ ಕೂತು ಬೇಕಾದಷ್ಟು ಸಲ ಹೇಳಿದ್ದೇನೆ. ಗಿರಾಕಿಗಳು ನಗುತ್ತಾರೆ, ಕಲ್ಲನ್ನು ಮಾತ್ರ ತೆಗೆದುಕೊಂಡು ಹೋಗುತ್ತಾರೆ. ಸಿಸ್ಟರಿಗೂ ಕೊಟ್ಟು ಕಳಿಸಿದೆ. ನೀರು ಸೋಕಿಸಬೇಡಿ, ಅರಿಶಿನ ಹಚ್ಚಬೇಡಿ, ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ದೀಪದ ಹತ್ತಿರ ಇಡಬೇಡಿ ಎಂದು ಒಂದೊಂದಾಗಿ ಹೇಳಿದೆ. ಹಾಲು ಎಂದು ಹೇಳಲಿಲ್ಲ. ಹಾಲು ಯಾರಿಗೆ ನೆನಪಾಗುತ್ತದೆ?

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವಷ್ಟರಲ್ಲಿ ಫೋನು.

“ನಮ್ಮತ್ತೆ ದೇವರ ಮುಂದೆ ಹಾಲಲ್ಲಿ ಹಾಕಿಟ್ಟಿದ್ರು. ರಾತ್ರಿಯೆಲ್ಲಾ ಹಾಲಲ್ಲೇ ಇತ್ತು. ಈಗ ನೋಡಿದ್ರೆ ಹಾಲು ಕೇಸರಿ ಹಾಕಿದಂಗೆ ಆಗೈತೆ ಕಣ್ರೀ. ಕಲ್ಲಲ್ಲಿ ಕಿಡಿ ಎಲ್ಲಾ ಹೋತು. ಅಂಚೆಲ್ಲಾ ಬೆಳ್ಳಗಾಗೈತೆ.”

ಅವರ ಮಾತು ಮುಗಿಯುವ ಮೊದಲೇ ಫೋನು ಅತ್ತೆಯ ಕೈಗೆ ಹೋಗಿತ್ತು. ದನಿ ಮುದಿಯಾದರೂ ಗಟ್ಟಿ. “ಯಾರಮ್ಮಾ ನೀನು, ಪತ್ತಾರ್ತಿಯಾ? ಈ ಕಲ್ಲು ನಮ್ಮನೆಗೆ ಒಗ್ಗಲ್ಲ. ವಾಪಸ್ ಕಳಿಸ್ತೀವಿ. ತಿಳೀತಾ?” ಎಂದರು. ಫೋನು ಮತ್ತೆ ಸಿಸ್ಟರಿಗೆ ಬಂದಾಗ ಅವರ ದನಿ ಇಳಿದುಹೋಗಿತ್ತು. “ಬಿಡಿ ಹೋಗ್ಲಿ. ಈ ವಯಸ್ಸಲ್ಲಿ ಆಸೆ ಪಟ್ಟಿದ್ದೇ ಜಾಸ್ತಿ ಆತು. ಹಳೇ ಉಂಗುರ ಒಡೀಬೇಡಿ, ಹಂಗೇ ವಾಪಸ್ ತಗಂತೀನಿ.”

ನನಗೆ ಸಿಟ್ಟು ಬಂತು. ವ್ಯಾಪಾರಿಯ ಮೇಲೆ ಬಂತು, ಆ ಕೇಸರಿ ಹಾಲಿನ ಮೇಲೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ‘ಆಸೆ ಪಟ್ಟಿದ್ದೇ ಜಾಸ್ತಿ’ ಎಂಬ ಆ ಮಾತಿನ ಮೇಲೆ ಬಂತು. ಊರಿನ ಮಕ್ಕಳಿಗೆಲ್ಲ ಚುಚ್ಚುಮದ್ದು ಹಾಕಿದ ಕೈಗೆ ಒಂದು ನಿಜವಾದ ಕಲ್ಲು ಜಾಸ್ತಿಯೇ? “ಉಂಗುರ ನನ್ ಹತ್ರಾನೇ ಇರ್ಲಿ. ಕಲ್ಲು ಹುಡುಕೋದು ನನ್ ಕೆಲಸ, ನಾ ಇನ್ನೂ ಕೆಲಸ ಬಿಟ್ಟಿಲ್ಲ” ಎಂದು ಫೋನಿಟ್ಟೆ.

ವ್ಯಾಪಾರಿ ಬಂದಾಗ ಬಣ್ಣಗೆಟ್ಟ ಕಲ್ಲನ್ನು ಅವರ ಮುಂದಿಟ್ಟೆ. ಅವರಿಗೆ ನಾಚಿಕೆಯಾಗುವ ಬದಲು ಆಶ್ಚರ್ಯವಾಯಿತು. “ಅಲ್ರೀ ಅಕ್ಕೋರೆ, ಓಪಲ್ನ ಹಾಲಿಗೆ ಹಾಕೋರು ಲೋಕದಾಗೆ ಯಾರಾದ್ರೂ ಅದಾರಾ?”

“ಸೊರಬದಾಗ ಅದಾರ. ಸೊರಬಕ್ಕ ಮಾರೋದಾದ್ರ ಹಾಲು ತಡಕೊಳ್ಳೋ ಕಲ್ಲು ತರ್ರಿ. ಹಾಲಿಗೆ ಹೆದರೋ ಕಲ್ಲು ನಿಮ್ಮ ಹತ್ರಾನೇ ಇರ್ಲಿ.”

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಆಡಿದ ಮೇಲೆ ಅದರಲ್ಲೇ ದಾರಿ ಕಂಡಿತು. ಇನ್ನು ಮುಂದೆ ವ್ಯಾಪಾರಿಯ ಬಾಯಿ ಮಾತು, ನನ್ನ ಕಣ್ಣಿನ ಆಸೆ ಎರಡೂ ಬೇಡ, ಒದ್ದೆಯಾಗಲು ಒಪ್ಪದ ಕಲ್ಲನ್ನು ಮುಟ್ಟುವುದೇ ಇಲ್ಲ ಎಂದು ತೀರ್ಮಾನಿಸಿದೆ. ಅವರಿಗೂ ಹೇಳಿದೆ: ತಂದದ್ದನ್ನೆಲ್ಲ ಇಲ್ಲೇ, ನಿಮ್ಮೆದುರೇ ನೀರಿಗೆ ಹಾಕುತ್ತೇನೆ. ಹಾಳಾದರೆ ನಿಮ್ಮದು, ಉಳಿದರೆ ನನ್ನದು. ಗೊಣಗಿದರು. ಆದರೆ ವ್ಯಾಪಾರ ಬಿಡುವ ಜೀವವಲ್ಲ.

ಮುಂದಿನ ಸಲ ಬಂದಾಗ ಒಂದಷ್ಟು ಕಲ್ಲು ತಂದರು. ಟೀ ಕುಡಿಯುವ ಗಾಜಿನ ಲೋಟಗಳನ್ನು ಹಲಗೆಯ ಮೇಲೆ ಸಾಲಾಗಿಟ್ಟು ನೀರು ತುಂಬಿಸಿ ಒಂದೊಂದಕ್ಕೆ ಒಂದೊಂದು ಕಲ್ಲು ಹಾಕಿದೆ. ಒಳಗೆ ಬಂದವರೆಲ್ಲ ಟೀ ಎಂದುಕೊಂಡು ಕೈ ಚಾಚುತ್ತಿದ್ದರು. ಒಂದು ಕಲ್ಲು ಸ್ವಲ್ಪ ಹೊತ್ತಿಗೇ ನೀರಿನೊಳಗೆ ತಿಳಿಯಾಗುತ್ತ ಹೋಗಿ ಕಾಣದಂತಾಯಿತು. ಕುಡುಕ ಕಲ್ಲು, ಪಕ್ಕಕ್ಕಿಟ್ಟೆ. ಇನ್ನೊಂದು ನೀರಿನಲ್ಲಿ ಬದಲಾಗಲಿಲ್ಲ, ಆದರೆ ಭೂತಗನ್ನಡಿಯಲ್ಲಿ ಅದರ ಸೀಳುಗಳೊಳಗೆ ಬಣ್ಣ ಗೆರೆಗೆರೆಯಾಗಿ ಕೂತಿತ್ತು, ನೆಲದ ಬಿರುಕಿನಲ್ಲಿ ಕುಂಕುಮ ಕೂತ ಹಾಗೆ. ಉಗುರುಬಣ್ಣ ಅಳಿಸುವ ದ್ರಾವಣದಲ್ಲಿ ಹತ್ತಿ ಅದ್ದಿ ಉಜ್ಜಿದರೆ ಹತ್ತಿ ಕಿತ್ತಳೆಯಾಯಿತು. ಮತ್ತೊಂದನ್ನು ದಾರದಲ್ಲಿ ಕಟ್ಟಿ ತಕ್ಕಡಿಗೆ ನೇತುಹಾಕಿ ನೀರಿನೊಳಗೆ ತೂಗಿದೆ. ಬೆಂಕಿ ಓಪಲ್ ನೀರಿನಲ್ಲಿ ತನ್ನ ತೂಕದ ಹೆಚ್ಚುಕಡಿಮೆ ಅರ್ಧ ಕಳೆದುಕೊಳ್ಳಬೇಕು. ಇದು ಅಷ್ಟು ಕಳೆದುಕೊಳ್ಳಲಿಲ್ಲ. ಕನ್ನಡಿ ಹಿಡಿದರೆ ಗುಳ್ಳೆ. ಗಾಜು.

ಕೊನೆಗೆ ಉಳಿದವು ಎರಡು. ಒಂದೇ ಬಂಡೆಯಿಂದ ಕಡಿದ ಅಕ್ಕತಂಗಿಯರ ಹಾಗಿದ್ದವು. ಕಿಡಿ ಇಲ್ಲ, ಬಣ್ಣದ ಆಟ ಇಲ್ಲ. ಹದವಾದ ಬೆಲ್ಲದ ಪಾಕವನ್ನು ಬೆಳಕಿಗೆ ಹಿಡಿದಂಥ ಕೆಂಪು. ದೊಡ್ಡದರ ಒಳಗೆ ಸಣ್ಣ ಧೂಳಿನ ಎಳೆಯೊಂದಿತ್ತು. ನೀರಿನಲ್ಲಿ ಬದಲಾಗಲಿಲ್ಲ, ತುಟಿಗೆ ಅಂಟಲಿಲ್ಲ, ಹತ್ತಿ ಬಿಳಿಯಾಗೇ ಉಳಿಯಿತು, ತೂಕ ಸರಿಯಾಗಿ ಅರ್ಧವಾಯಿತು. ವ್ಯಾಪಾರಿಗೆ ಅವುಗಳ ಮೇಲೆ ಗೌರವವೇ ಇರಲಿಲ್ಲ. “ಅದ್ರಾಗೇನೈತ್ರಿ, ಸಪ್ಪೆ ಮಾಲು” ಎಂದರು. ನನಗೂ ಮೊದಲ ಕಲ್ಲಿನ ಹಸಿರು ಕಿಡಿ ನೆನಪಾಗದೆ ಇರಲಿಲ್ಲ.

ಆದರೂ ಒಂದು ಪರೀಕ್ಷೆ ಉಳಿದಿತ್ತು. ಓಪಲ್ಲಿನ ಮೈಯೊಳಗೆ ಹುಟ್ಟಿನಿಂದಲೇ ಒಂದಿಷ್ಟು ನೀರಿರುತ್ತದೆ. ಕೆಲವು ನಿಜವಾದ ಕಲ್ಲುಗಳೇ ಆ ನೀರು ಆರಿದಾಗ ಬಿರುಕು ಬಿಡುತ್ತವೆ. ಸೊರಬದ ತಂಪಿನಲ್ಲಿ ಅದು ಬೇಗ ಗೊತ್ತಾಗುವುದಿಲ್ಲ. ಶಿಕಾರಿಪುರದ ಬೇಸಿಗೆಯಲ್ಲಿ ಗೊತ್ತಾಗುತ್ತದೆ. ನಮ್ಮೂರಿನ ಒಣ ಗಾಳಿಗೆ ನನ್ನ ತುಟಿಯೇ ಒಡೆಯುವಾಗ ಕಲ್ಲು ಎಷ್ಟರದು? ಎರಡನ್ನೂ ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ, ಬರೀ ಹತ್ತಿಯ ಮೇಲಿಟ್ಟೆ. ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ನೋಡುವುದೇ ಕೆಲಸ. ಸಿಸ್ಟರ್ ಫೋನ್ ಮಾಡಿ “ಪೇಶಂಟ್ ಹೆಂಗೈತೆ?” ಎನ್ನುತ್ತಿದ್ದರು. “ಅಬ್ಸರ್ವೇಶನ್ನಾಗೈತ್ರಿ” ಎನ್ನುತ್ತಿದ್ದೆ. ಅವರ ದನಿಗೆ ಜೀವ ಬಂದಿತ್ತು. ಅದೇ ನನಗೆ ಭಯ. ಇನ್ನೊಂದು ಸಲ ಕಲ್ಲು ಕೈಕೊಟ್ಟರೆ ಈ ಹೆಂಗಸು ಮತ್ತೆ ಕೇಳುವುದಿಲ್ಲ ಎಂದು ಗೊತ್ತಿತ್ತು.

ಸೆಕೆ ಏರಿದ ಒಂದು ಬೆಳಿಗ್ಗೆ ಚಿಕ್ಕ ಕಲ್ಲಿನ ಮೈತುಂಬ ಜೇಡರ ಬಲೆಯಂಥ ಬಿರುಕು. ದೊಡ್ಡದನ್ನು ಕನ್ನಡಿಯ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದೆ. ಏನೂ ಇಲ್ಲ. ಅದೇ ಧೂಳಿನ ಎಳೆ, ಅದೇ ಪಾಕ. ಮಾರನೆಯ ದಿನವೂ ಹಾಗೇ ಇತ್ತು, ಮೊದಲ ಮಳೆ ಬರುವ ತನಕವೂ ಹಾಗೇ ಇತ್ತು. ಚಿಕ್ಕದು ವ್ಯಾಪಾರಿಯ ಪಾಲಿಗೆ ಹೋಯಿತು. ದೊಡ್ಡದನ್ನು ಸಪ್ಪೆ ಎನ್ನಲು ಈಗ ಯಾರಾದರೂ ಬರಲಿ ಎಂದುಕೊಂಡೆ. ಹೆಮ್ಮೆಯಾಗಿತ್ತು.

ಕಲ್ಲು ನೋಡಲು ಬನ್ನಿ ಎಂದು ಸಿಸ್ಟರನ್ನು ಕರೆದೆ. ಬಂದರು, ಜೊತೆಗೆ ಅತ್ತೆಯೂ ಬಂದರು. ಚಂದ್ರಗುತ್ತಿಯ ಕಡೆಯ ಹೆಣ್ಣುಮಗಳು, ಬೆನ್ನು ಬಾಗಿದ್ದರೂ ಬಸ್ಸಿನಿಂದ ತಾವೇ ಇಳಿದು ಬಂದಿದ್ದರು. ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಕೂತವರೇ ಮುಚ್ಚಳ ತೆಗೆದರು. ಹಾಲು.

“ಎಲ್ಲಿ ಕಲ್ಲು? ತಾ ಇತ್ಲಾಗೆ.”

ಸಿಸ್ಟರ ಮುಖ ಸಣ್ಣದಾಯಿತು. ನಾನು ಕೊಟ್ಟೆ. ಅಜ್ಜಿ ಕಲ್ಲನ್ನು ಹಾಲಿಗೆ ಹಾಕಿ ಮುಚ್ಚಳ ಮುಚ್ಚಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎಲೆಅಡಿಕೆಯ ಕವಳ ಹಾಕಿದರು. ನನ್ನ ಮನೆ, ಮಕ್ಕಳು, ಗಂಡ ಎಲ್ಲವನ್ನೂ ವಿಚಾರಿಸಿದರು. ಗಂಡಸರ ಕೆಲಸ ಯಾಕೆ ಹಿಡಿದೆ ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ “ಒಳ್ಳೇದೇ ಆತು ಬಿಡು, ಅವರಿಗೆ ತಾಳ್ಮೆ ಎಲ್ಲೈತೆ” ಎಂದು ತಾವೇ ತೀರ್ಪು ಕೊಟ್ಟರು. ಸಿಸ್ಟರ್ ಮಾತ್ರ ಡಬ್ಬಿಯಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಅಜ್ಜಿ ಮುಚ್ಚಳ ತೆಗೆದು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಹಾಲು ಬೆಳ್ಳಗೇ ಇತ್ತು. ಕಲ್ಲನ್ನು ತೆಗೆದು ಸೆರಗಿನಲ್ಲಿ ಒರೆಸಿ ಸೊಸೆಯ ಅಂಗೈಯಲ್ಲಿಟ್ಟು “ಇದು ಒಗ್ಗುತ್ತೆ” ಎಂದರು.

ನಾನು ನಿರಾಳವಾಗಿ ಉಸಿರು ಬಿಡುವ ಹೊತ್ತಿಗೆ “ಹಳೇ ಉಂಗುರ ಎಲ್ಲಿ? ನನ್ನೆದುರಿಗೇ ಒಡಿ” ಎಂದರು.

ಸಿಸ್ಟರ್ ನನ್ನ ಮುಖ ನೋಡಿದರು. ಆಮೇಲೆ ಒಡೆಯುತ್ತೇನೆ, ಈಗ ಒಲೆ ಹಚ್ಚಿಲ್ಲ ಎಂದೆ. “ಒಡಿಯಾಕೆ ಒಲೆ ಯಾಕೆ ಮಾರಾಯ್ತಿ, ಚಿಮಟ ಸಾಕಲ್ದಾ?” ಎಂದರು. ಇನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ತಗಡು ಎಬ್ಬಿಸಿದ ಕೂಡಲೇ ಹಾಳೆಯನ್ನು ಅಂಗೈಯಲ್ಲಿ ಮುಚ್ಚಿ, ಕಲ್ಲನ್ನು ಮಾತ್ರ ಕೆಂಪಗೆ ಕಾಣುವಂತೆ ಕೆಂಪು ಬಟ್ಟೆಯ ಮೇಲಿಟ್ಟು ತೋರಿಸುವುದು ಎಂದು ಲೆಕ್ಕ ಹಾಕಿದೆ. ತಗಡೆದ್ದಿತು. ಹಾಳೆ ನನ್ನ ಲೆಕ್ಕ ಕೇಳಲಿಲ್ಲ. ಹಾರಿ ಹೋಗಿ ಅಜ್ಜಿಯ ಪಾದದ ಹತ್ತಿರ ಬಿತ್ತು. ಹಿಂದೆಯೇ ಗಾಜು ಉರುಳಿತು.

ಅಜ್ಜಿ ಬಗ್ಗಿ ಎರಡನ್ನೂ ಎತ್ತಿಕೊಂಡರು. ಗಾಜನ್ನು ಬೆರಳುಗಳ ನಡುವೆ ಉರುಳಿಸಿದರು.

“ಇದಕ್ಕೂ ಹಾಲು ತೋರ್ಸಿದ್ದೆ ನಾನು. ಬೇಕಂತ ಅಲ್ಲ. ಇದು ನನ್ ಕೈಲಿದ್ದಾಗ, ಹಸು ಕರೆಯೋ ಹೊತ್ತಿಗೆ ಬೆರಳಿಂದ ಜಾರಿ ತಂಬಿಗೆಗೆ ಬಿತ್ತು. ತೆಗೆಯೋದ್ರಾಗೆ ಹಾಲು ಕೆಂಪಗಾಗಿತ್ತು. ಹಾಲು ಚೆಲ್ಲಿದೆ, ಬಾಯಿ ಮುಚ್ಕಂಡೆ. ಪ್ಯಾಟೆಗೆ ಹೋಗಿ ಹೊಸ ಹಾಳೆ ಇಡ್ಸಿದೆ.” ಆಮೇಲೆ ಸೊಸೆಯ ಕಡೆ ತಿರುಗದೆ ಹೇಳಿದರು: “ನಿನ್ ಮದ್ವೆಗೆ ಹಾಕಾಕೆ ಬ್ಯಾರೆ ಏನೂ ಇರ್ಲಿಲ್ಲ ಕಣೇ.”

“ನಂಗೂ ಗೊತ್ತಿತ್ತು ಅತ್ತೆ” ಎಂದರು ಸಿಸ್ಟರ್.

“ಯಾವಾಗ್ಲಿಂದ?”

“ಬಾಳಾ ವರ್ಷ ಆತು.”

“ಮತ್ತೆ ಒಂದ್ಸಲಾನೂ ಹೇಳ್ಲಿಲ್ಲ?”

“ನೀವು ಹೇಳಿದ್ರಾ?”

ಅಜ್ಜಿ ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡರು. “ಆ ಕೇಸರಿ ಕಲ್ಲು ಹಾಲಿಗೆ ಹಾಕಿದ್ದು ದೇವರಿಗೆ ಅಂತ ತಿಳ್ಕಂಡ್ಯಾ? ದೇವರಿಗೇನು ಗೊತ್ತಾಗತ್ತೆ ಕಲ್ಲು. ನಿಂಗೆ ಎರಡನೇ ಸಲ ಮೋಸ ಆಗಬಾರ್ದು ಅಂತ ಹಾಕಿದ್ದು.” ನಾನು ಒಳಗೆ ಹೋಗಿ ಇಬ್ಬರಿಗೂ ನಿಜವಾದ ಟೀ ತಂದೆ.

ಕಟ್ಟುವ ಕೆಲಸ ನಮ್ಮ ಮಾಮೂಲಿ ಕೆಲಸಗಳಿಗೆಲ್ಲ ಉಲ್ಟಾ. ನಾವು ಒಡವೆಯನ್ನು ಬಿಸಿ ಅರಗಿನಲ್ಲಿ ಕೂರಿಸಿ ಕಲ್ಲು ಒತ್ತುತ್ತೇವೆ, ಕೊನೆಗೆ ಅಂಟುವಾಳದ ನೀರಿನಲ್ಲಿ ಕುದಿಸಿ ತೊಳೆಯುತ್ತೇವೆ. ಬೆಂಕಿ ಓಪಲ್ ಎಂಬ ಹೆಸರಿದ್ದರೂ ಈ ಕಲ್ಲಿಗೆ ಬೆಂಕಿ ಆಗದು. ಹಾಗಾಗಿ ಬೆಸುಗೆ, ತೊಳೆತ, ಹೊಳಪು ಎಲ್ಲವನ್ನೂ ಕಲ್ಲು ಕೂರಿಸುವ ಮೊದಲೇ ಮುಗಿಸಿದೆ. ಕಲ್ಲು ಕೂರುವ ಗೂಡಿನ ಅಂಚನ್ನು ಮೆತ್ತನೆಯ ಬಂಗಾರದಲ್ಲಿ, ಕಲ್ಲಿನ ಗುಂಬಕ್ಕೆ ಸಾಕಷ್ಟು ಎತ್ತರವಾಗಿ ಎಬ್ಬಿಸಿದೆ, ಪಕ್ಕದಿಂದ ಏಟು ಬಿದ್ದರೆ ಬಂಗಾರಕ್ಕೆ ಬೀಳಲಿ ಎಂದು. ಅಡಿಯನ್ನು ಪೂರಾ ತೆರೆದಿಟ್ಟು ಒಳಅಂಚು ನಯಗೊಳಿಸಿದೆ. ಅರಗಿನ ಬದಲು ಮರದ ಇಕ್ಕಳದಲ್ಲಿ ಚರ್ಮ ಸುತ್ತಿ ಉಂಗುರ ಹಿಡಿದು, ಎದುರುಬದುರು ಸ್ವಲ್ಪ ಸ್ವಲ್ಪವೇ ಅಂಚು ಒತ್ತುತ್ತ ಬಂದೆ. ಕೊನೆಯ ಸುತ್ತಿನಲ್ಲಿ ಟಕ್ ಎಂದಿತು. ನೋಡಿದರೆ ಇಕ್ಕಳದ ಮರ ಸೀಳಿತ್ತು. ಕಲ್ಲಿಗೆ ಏನೂ ಆಗಿರಲಿಲ್ಲ.

ತೆಗೆದುಕೊಂಡು ಹೋಗಲು ಮತ್ತೆ ಇಬ್ಬರೂ ಬಂದರು. ಪಾತ್ರೆ ತಿಕ್ಕುವಾಗ ತೆಗೆದಿಡಿ, ಬಿಸಿನೀರಿಗೆ ಅದ್ದಬೇಡಿ, ಸೆಂಟು ಸ್ಪಿರಿಟ್ಟು ಸೋಕಿಸಬೇಡಿ ಎಂದು ನಾನು ಪಾಠ ಒಪ್ಪಿಸುತ್ತಿದ್ದರೆ ಸಿಸ್ಟರ್ ನಗುತ್ತಿದ್ದರು. ಬದುಕಿಡೀ ಊರಿಗೆ ಇಂಥದ್ದೇ ಪಾಠ ಹೇಳಿದವರು ಅವರು. ನಾನು ಉಂಗುರ ಚಾಚಿದೆ. ಅವರು ಕೈ ನೀಡುವ ಮೊದಲೇ ಅಜ್ಜಿ ಅದನ್ನು ತೆಗೆದುಕೊಂಡರು. ಮುಂಭಾಗವನ್ನು ನೋಡಲೇ ಇಲ್ಲ. ತಿರುಗಿಸಿ, ಒಂದು ಕಣ್ಣು ಮುಚ್ಚಿ, ತೆರೆದ ಬೆನ್ನಿನಿಂದ ಕಲ್ಲಿನೊಳಗೆ ಹಣಕಿ ಬಾಗಿಲ ಕಡೆ ನೋಡಿದರು.

“ರಸ್ತೆ ಎಲ್ಲಾ ಕೆಂಪಗೆ ಕಾಣ್ತೈತೆ” ಎಂದರು. “ಹಿಂದೆ ಏನೂ ಇಲ್ಲ.”

ಆಮೇಲೆ ಸೊಸೆಯ ಕೈ ಹಿಡಿದೆಳೆದು ತಾವೇ ಉಂಗುರ ತೊಡಿಸಿದರು. ಗಂಟಿನ ಹತ್ತಿರ ಬಿಗಿಯಾಯಿತು. ಬಿಡಲಿಲ್ಲ, ತಿರುವಿ ತಿರುವಿ ಒಳಗೆ ನೂಕಿದರು.

“ಮದ್ವೇಲಿ ಹಾಕಿದ್ದು ಲೆಕ್ಕಕ್ಕಿಲ್ಲ. ಈಗ ಹಾಕ್ದೆ ನೋಡು” ಎಂದರು.